ಸುರಾಹಿಯನ್ನು ಪುಟದ ಮೇಲೆ ಕೂರಿಸುವುದು ಹೇಗೆ?

ಪ್ರಶ್ನೆ: ಬೀದರ್‌ನಲ್ಲಿ ನಮ್ಮದು ಬಿದ್ರಿ ಕೆಲಸದ, ಅಂದರೆ ಕಪ್ಪು ಲೋಹದೊಳಗೆ ಬೆಳ್ಳಿ ಕೂರಿಸುವ ಕಸುಬಿನ ಮನೆತನ. ತಂದೆ ಮತ್ತು ಚಿಕ್ಕಪ್ಪ ಸಾಮಾನು ಮಾಡುತ್ತಾರೆ, ಮಾರಾಟವನ್ನು ನಾನು ನೋಡಿಕೊಳ್ಳುತ್ತೇನೆ. ಎ5 ಅಳತೆಯ ಹದಿನಾರು ಪುಟಗಳ ಕ್ಯಾಟಲಾಗ್ ಮಾಡಲು ಹೊರಟಿದ್ದೇನೆ. ಉಚಿತವಾಗಿ ಸಿಗುತ್ತದೆಂದು ಗಿಂಪ್ ಎಂಬ ಫೋಟೋ ತಿದ್ದುವ ತಂತ್ರಾಂಶ ಹಾಕಿಕೊಂಡೆ. 420 × 595 ಅಳತೆಯ ಖಾಲಿ ಪುಟ ತೆರೆದು ಅದರೊಳಗೆ ಸುರಾಹಿಯ (ಉದ್ದ ಕೊರಳಿನ ಹೂಜಿ) ಫೋಟೋ ಸೇರಿಸಲು ಹೋದರೆ ಅದು ಬೇರೆ ಕಿಟಕಿಯಲ್ಲಿ ತೆರೆದುಕೊಳ್ಳುತ್ತದೆ. ಕಾಪಿ ಮಾಡಿ ಪೇಸ್ಟ್ ಮಾಡಿದರೆ ಸುರಾಹಿಯ ಹೊಟ್ಟೆಯ ಒಂದು ತುಣುಕು ಮಾತ್ರ ಕಾಣುತ್ತದೆ. ಚಿಕ್ಕದು ಮಾಡಿ, ಸಾಲದೆಂದು ಮತ್ತೆ ದೊಡ್ಡದು ಮಾಡಿದರೆ ಬೆಳ್ಳಿಯ ಕುಸುರಿಯೆಲ್ಲ ಮಸುಕಾಗುತ್ತದೆ. ಸುತ್ತಲಿನ ಬಿಳಿ ಚೌಕವನ್ನು ರಬ್ಬರಿನಿಂದ ಅಳಿಸಿದರೂ ಬಿಳಿಯೇ ಉಳಿಯುತ್ತದೆ. ಹಿನ್ನೆಲೆಗೆ ಕೋಟೆಯ ರಂಗೀನ್ ಮಹಲಿನ ಚಿತ್ರ ಹಾಕುವ ಆಸೆಯೂ ಇದೆ. ಫೋಟೋಶಾಪ್ ಕೊಳ್ಳಲೇಬೇಕೇ?

ಉತ್ತರ: ಕೊಳ್ಳಬೇಕಾಗಿಲ್ಲ. ನಿಮ್ಮ ಕೆಲಸಕ್ಕೆ ಗಿಂಪ್ ಧಾರಾಳವಾಗಿ ಸಾಕು. ನೀವು ಬರೆದಿರುವ ತೊಂದರೆಗಳು ಫೋಟೋಶಾಪ್ ಮುಂದೆ ಕುಳಿತಿದ್ದರೂ ಬೇರೆ ಬೇರೆ ವೇಷದಲ್ಲಿ ಎದುರಾಗುತ್ತಿದ್ದವು. ಕಲಬುರಗಿಯಲ್ಲಿ ಲಗ್ನಪತ್ರಿಕೆ, ಸ್ಮರಣ ಸಂಚಿಕೆ, ಅಂಗಡಿ ಫಲಕ ಎಂದು ಇಪ್ಪತ್ತು ವರ್ಷಗಳಿಂದ ಇದೇ ಕೆಲಸ ಮಾಡುತ್ತಿದ್ದೇನೆ. ನನ್ನ ಬಳಿ ಕಲಿಯಲು ಬರುವವರೆಲ್ಲ ಮೊದಲ ವಾರ ಎಡವುವುದು ನೀವು ಎಡವಿದ ಜಾಗದಲ್ಲಿಯೇ. ಅವರಿಗೆ ಹೇಳುವುದನ್ನೇ ನಿಮಗೂ ಹೇಳುತ್ತೇನೆ: ಚಿತ್ರವನ್ನು ತರುವ ಮೊದಲು ಅದು ಕೂರುವ ಜಾಗವನ್ನು ಗೊತ್ತುಮಾಡಿಕೊಳ್ಳಿ. ಇದು ನಿಮ್ಮ ಮನೆಯ ಕಸುಬಿನಲ್ಲೇ ಇದೆ. ನಿಮ್ಮ ತಂದೆ ಬೆಳ್ಳಿಯ ತಂತಿಯನ್ನು ಕತ್ತರಿಸಿಟ್ಟುಕೊಂಡು ಆಮೇಲೆ ಅದಕ್ಕೆ ತಕ್ಕ ಗೀರು ಹುಡುಕುವುದಿಲ್ಲ. ಉಳಿಯಿಂದ ಗೀರು ಕೊರೆಯುತ್ತಾರೆ, ಆ ಗೀರಿನ ಅಳತೆಗೆ ತಂತಿಯನ್ನು ಕೂರಿಸಿ ಬಡಿಯುತ್ತಾರೆ.

ಬೇರೆ ಕಿಟಕಿಯ ವಿಷಯ ಮೊದಲು. ಫೈಲ್ ಮೆನುವಿನ ‘ಓಪನ್’ ಎಂಬ ಆಜ್ಞೆಗೆ ಗೊತ್ತಿರುವುದು ಒಂದೇ ಕೆಲಸ, ಕಡತವನ್ನು ಅದರದೇ ಸ್ವತಂತ್ರ ಕ್ಯಾನ್ವಾಸ್ ಆಗಿ ತೆರೆಯುವುದು. ಪಕ್ಕದಲ್ಲಿ ನಿಮ್ಮ ಪುಟ ಕಾಯುತ್ತಿದೆ ಎಂಬುದು ಅದಕ್ಕೆ ಸಂಬಂಧವಿಲ್ಲ. ನಿಮಗೆ ಬೇಕಾದದ್ದು ಅದರ ಕೆಳಗೇ ಇರುವ ‘ಓಪನ್ ಆ್ಯಸ್ ಲೇಯರ್ಸ್’. ಕಂಟ್ರೋಲ್, ಆಲ್ಟ್, ಓ ಈ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದರೂ ಅದೇ ಬರುತ್ತದೆ. ಫೋಲ್ಡರಿನಿಂದ ಫೋಟೋವನ್ನು ನೇರವಾಗಿ ಎಳೆದು ತರಬಹುದು; ಆದರೆ ಎಲ್ಲಿ ಬಿಡುತ್ತೀರಿ ಎಂಬುದರ ಮೇಲೆ ಗಮನವಿರಲಿ. ಪುಟದ ಮೇಲೆ ಬಿಟ್ಟರೆ ಹೊಸ ಲೇಯರ್ ಆಗುತ್ತದೆ, ಪಕ್ಕದ ಸಲಕರಣೆ ಪೆಟ್ಟಿಗೆಯ ಮೇಲೆ ಬಿಟ್ಟರೆ ಮತ್ತೆ ಬೇರೆ ಕಿಟಕಿ. ಫೋಟೋಶಾಪ್‌ನಲ್ಲಿ ಈ ಕೆಲಸಕ್ಕೆ ‘ಪ್ಲೇಸ್’ ಎಂಬ ಆಜ್ಞೆ ಇದೆ.

ಲೇಯರ್ ಆಗಿ ಬಂದ ಚಿತ್ರ ಪುಟಕ್ಕೆ ಅಂಟಿಕೊಳ್ಳುವುದಿಲ್ಲ, ಅದರ ಮೇಲೆ ತನ್ನದೇ ಪದರವಾಗಿ ನಿಲ್ಲುತ್ತದೆ. ಯಾವಾಗ ಬೇಕಾದರೂ ಸರಿಸಬಹುದು, ಮುಚ್ಚಿಡಬಹುದು, ಕಿತ್ತು ಎಸೆಯಬಹುದು. ಕೆಳಗಿನ ಪುಟಕ್ಕೆ ಏನೂ ಆಗುವುದಿಲ್ಲ. ಇದು ಮೊದಲಿನಿಂದಲೂ ಇದ್ದ ಅನುಕೂಲವಲ್ಲ. 1990ರಲ್ಲಿ ಫೋಟೋಶಾಪ್ ಹೊರಬಂದಾಗ ಅದರಲ್ಲಿ ಲೇಯರ್‌ಗಳೇ ಇರಲಿಲ್ಲ. 1994ರ ಮೂರನೆಯ ಆವೃತ್ತಿಯವರೆಗೆ, ಚಿತ್ರದ ಮೇಲೆ ಇನ್ನೊಂದು ಚಿತ್ರ ಇಟ್ಟು ಆಯ್ಕೆಯನ್ನು ಬಿಟ್ಟ ಕ್ಷಣದಲ್ಲಿ ಎರಡೂ ಬೆರೆತು ಒಂದಾಗಿಬಿಡುತ್ತಿದ್ದವು. ಗಿಂಪ್‌ನ ಹಳೆಯ 2.10 ಆವೃತ್ತಿಯಲ್ಲಿ ಪೇಸ್ಟ್ ಮಾಡಿದಾಗ ಆ ಕಾಲದ ನೆರಳು ಈಗಲೂ ಕಾಣುತ್ತದೆ. ಚಿತ್ರ ‘ಫ್ಲೋಟಿಂಗ್ ಸೆಲೆಕ್ಷನ್’ ಎಂಬ ಅಡ್ಡಗೋಡೆಯ ಮೇಲಿನ ದೀಪವಾಗಿ ನಿಲ್ಲುತ್ತದೆ. ಅದನ್ನು ಹೊಸ ಲೇಯರ್ ಮಾಡುವ ತನಕ ಬೇರೆ ಲೇಯರ್‌ಗಳನ್ನು ಮುಟ್ಟಲು ಬಿಡುವುದಿಲ್ಲ, ತಂತ್ರಾಂಶ ಕೆಟ್ಟಿದೆಯೇನೋ ಎನಿಸುತ್ತದೆ. ಲೇಯರ್ ಪಟ್ಟಿಯ ಕೆಳಗಿರುವ ಹೊಸ ಲೇಯರ್ ಗುಂಡಿ ಒತ್ತಿದರೆ ಬಿಡುಗಡೆ. 2025ರ ಮಾರ್ಚ್‌ನಲ್ಲಿ ಬಂದ 3.0 ಆವೃತ್ತಿಯಲ್ಲಿ ಪೇಸ್ಟ್ ಮಾಡಿದ್ದು ನೇರವಾಗಿ ಲೇಯರ್ ಆಗುತ್ತದೆ. ಹಳೆಯದು ಹಾಕಿಕೊಂಡಿದ್ದರೆ ಇವತ್ತೇ ಬದಲಿಸಿಕೊಳ್ಳಿ.

ಈಗ ಸುರಾಹಿಯ ಹೊಟ್ಟೆಯ ತುಣುಕಿಗೆ ಬರೋಣ. 420 × 595 ಎಂಬುದು ಎ5 ಹಾಳೆಯನ್ನು ಇಂಚಿಗೆ 72 ಪಿಕ್ಸೆಲ್ ಲೆಕ್ಕದಲ್ಲಿ ಅಳೆದಾಗ ಬರುವ ಸಂಖ್ಯೆ. ಪರದೆಯ ಮೇಲೆ ನೋಡಲು ಅಷ್ಟು ಸಾಕು, ಮುದ್ರಣಕ್ಕೆ ಏನೇನೂ ಸಾಲದು. ಕೈಯಲ್ಲಿ ಹಿಡಿದು ನೋಡುವ ಕ್ಯಾಟಲಾಗಿಗೆ ಇಂಚಿಗೆ 300 ಪಿಕ್ಸೆಲ್ ಇಡುವುದು ವಾಡಿಕೆ. ಎ5 ಎಂದರೆ 148 × 210 ಮಿಲಿಮೀಟರ್. 300ರ ಲೆಕ್ಕದಲ್ಲಿ ಅದು 1748 × 2480 ಪಿಕ್ಸೆಲ್. ನಿಮ್ಮ ಮೊಬೈಲಿನ 12 ಮೆಗಾಪಿಕ್ಸೆಲ್ ಫೋಟೋ ನಿಲುವಿನಲ್ಲಿ 3000 × 4000 ಪಿಕ್ಸೆಲ್ ಇರುತ್ತದೆ. 420 ಅಗಲದ ಪುಟದ ಮೇಲೆ 3000 ಅಗಲದ ಚಿತ್ರವಿಟ್ಟರೆ ಅಗಲದಲ್ಲಿ ಏಳನೆಯ ಒಂದು ಪಾಲು ಮಾತ್ರ ಕಾಣುತ್ತದೆ. ಉಳಿದ ಸುರಾಹಿ ಎಲ್ಲಿಯೂ ಹೋಗಿಲ್ಲ, ಪುಟದ ಅಂಚಿನ ಆಚೆ ಇದೆ. ವ್ಯೂ ಮೆನುವಿನಲ್ಲಿ ‘ಶೋ ಆಲ್’ ಒತ್ತಿ, ಪೂರ್ತಿ ಕಾಣುತ್ತದೆ.

ಆದ್ದರಿಂದ ಆ ಪುಟವನ್ನು ಬಿಟ್ಟು ಹೊಸದನ್ನು ತೆರೆಯಿರಿ. ‘ನ್ಯೂ’ ಒತ್ತಿದಾಗ ಬರುವ ಪೆಟ್ಟಿಗೆಯಲ್ಲಿ ಅಳತೆಯ ಘಟಕವನ್ನು ಪಿಕ್ಸೆಲ್‌ನಿಂದ ಮಿಲಿಮೀಟರಿಗೆ ಬದಲಿಸಿ, ಕೆಳಗಿನ ‘ಅಡ್ವಾನ್ಸ್ಡ್ ಆಪ್ಶನ್ಸ್’ ಬಿಚ್ಚಿ ರೆಸಲ್ಯೂಶನ್ 300 ಎಂದಿದೆಯೇ ನೋಡಿ, ಅಗಲ 154, ಎತ್ತರ 216 ಎಂದು ಕೊಡಿ. ಎ5ಗಿಂತ ಆರು ಮಿಲಿಮೀಟರ್ ಹೆಚ್ಚು ಏಕೆಂದರೆ, ಹಿನ್ನೆಲೆಯ ಬಣ್ಣ ಅಂಚಿನವರೆಗೂ ಬರಬೇಕಾದ ಪುಟಕ್ಕೆ ನಾಲ್ಕೂ ಕಡೆ ಮೂರು ಮಿಲಿಮೀಟರ್ ಹೆಚ್ಚುವರಿ ಬಿಡಬೇಕು. ಬೈಂಡಿಂಗ್‌ನವರ ಕತ್ತಿ ಕೂದಲೆಳೆ ಆಚೀಚೆಯಾದರೂ ಬಿಳಿಗೆರೆ ಕಾಣಿಸಬಾರದು. ಆಮೇಲೆ ಸುರಾಹಿ ಎಷ್ಟು ಅಗಲ ನಿಲ್ಲಬೇಕೆಂದು ನಿಜವಾದ ಹಾಳೆಯ ಮೇಲೆ ಸ್ಕೇಲಿನಿಂದ ಅಳೆದು ನೋಡಿ. 90 ಮಿಲಿಮೀಟರ್ ಎಂದುಕೊಳ್ಳೋಣ. ಅದಕ್ಕೆ ಬೇಕಾದದ್ದು ಸುಮಾರು 1063 ಪಿಕ್ಸೆಲ್. ನಿಮ್ಮ ಫೋಟೋದಲ್ಲಿ ಸುರಾಹಿ ಅಷ್ಟಕ್ಕಿಂತ ಹೆಚ್ಚು ಅಗಲವಾಗಿದ್ದರೆ ನಿಶ್ಚಿಂತೆ. ಕಡಿಮೆಯಿದ್ದರೆ ಫೋಟೋವನ್ನೇ ಇನ್ನೂ ಹತ್ತಿರದಿಂದ ತೆಗೆಯಬೇಕು. ಇಲ್ಲದ ಪಿಕ್ಸೆಲ್ಲನ್ನು ಯಾವ ತಂತ್ರಾಂಶವೂ ನಂಬಿಕಸ್ಥವಾಗಿ ಹುಟ್ಟಿಸಿಕೊಡುವುದಿಲ್ಲ. ಅದು ಹುಟ್ಟಿಸುವ ಕುಸುರಿ ನಿಮ್ಮ ಚಿಕ್ಕಪ್ಪನ ಕೈಯ ಕುಸುರಿಯೂ ಆಗಿರುವುದಿಲ್ಲ.

ಫೋಟೋ ಯಾವ ದಾರಿಯಲ್ಲಿ ಕಂಪ್ಯೂಟರಿಗೆ ಬಂತು ಎಂದು ನೀವು ಬರೆದಿಲ್ಲ. ವಾಟ್ಸ್‌ಆ್ಯಪ್ ಮೂಲಕ ಸಾಮಾನ್ಯ ಫೋಟೋದಂತೆ ಕಳುಹಿಸಿದರೆ ಅದು ಕುಗ್ಗಿ, ಉದ್ದನೆಯ ಬದಿ 1600 ಪಿಕ್ಸೆಲ್‌ನ ಆಸುಪಾಸಿಗೆ ಇಳಿಯುವುದೇ ಹೆಚ್ಚು. ತಾರಕಶಿಯ, ಅಂದರೆ ತಂತಿ ಕೂರಿಸಿದ ಕುಸುರಿಯ, ಸಣ್ಣ ಗೆರೆಗಳು ಮೊದಲು ಸಾಯುವುದು ಅಲ್ಲಿ. ಡಾಕ್ಯುಮೆಂಟ್ ಆಗಿ ಕಳುಹಿಸಿ, ಇಲ್ಲವೇ ಕೇಬಲ್ ಹಾಕಿ ನಕಲು ಮಾಡಿಕೊಳ್ಳಿ.

ಇನ್ನು ಮಸುಕಿನ ವಿಷಯ. ಇದನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು, ಏಕೆಂದರೆ ಇಲ್ಲಿ ಆಗುವ ನಷ್ಟ ತಕ್ಷಣ ಕಣ್ಣಿಗೆ ಬೀಳುವುದಿಲ್ಲ. 3000 × 4000 ಚಿತ್ರದಲ್ಲಿ ಒಂದು ಕೋಟಿ ಇಪ್ಪತ್ತು ಲಕ್ಷ ಪಿಕ್ಸೆಲ್‌ಗಳಿವೆ. ಅದನ್ನು 300 × 400ಕ್ಕೆ ಇಳಿಸಿ ಎಂಟರ್ ಒತ್ತಿದರೆ ಉಳಿಯುವುದು ಒಂದು ಲಕ್ಷ ಇಪ್ಪತ್ತು ಸಾವಿರ, ಅಂದರೆ ನೂರರಲ್ಲಿ ಒಂದು. ಮತ್ತೆ ದೊಡ್ಡದು ಮಾಡಿದಾಗ ಗಿಂಪ್ ಆ ಒಂದನ್ನೇ ಹಿಗ್ಗಿಸಿ ನೂರರ ಜಾಗಕ್ಕೆ ಹರಡುತ್ತದೆ. ಬಿದ್ರಿಯ ತಂತಿ ಬಹಳ ಸಣ್ಣದು. ಆ ಹರಡುವಿಕೆಯಲ್ಲಿ ಅದು ಬೂದು ಬಣ್ಣದ ಮಬ್ಬಾಗಿ ಹೋಗುತ್ತದೆ. ಹಾಗಾಗಿ ಇಳಿಸುವುದನ್ನು ಒಂದೇ ಸಲ ಮಾಡಿ. ಸ್ಕೇಲ್ ಸಲಕರಣೆಯನ್ನು ತೆಗೆದುಕೊಂಡು, ಅಗಲ ಮತ್ತು ಎತ್ತರಗಳ ನಡುವಿನ ಸರಪಳಿ ಚಿಹ್ನೆ ಕೂಡಿಕೊಂಡಿದೆಯೇ ನೋಡಿ. ಬಿಡಿಯಾಗಿದ್ದರೆ ಸುರಾಹಿ ಮಡಕೆಯಾಗುತ್ತದೆ. ಎಂಟರ್ ಒತ್ತುವ ಮುಂಚೆ ಎಷ್ಟು ಸಲ ಬೇಕಾದರೂ ಹಿಗ್ಗಿಸಿ ಕುಗ್ಗಿಸಿ ನೋಡಿ, ನಷ್ಟವಿಲ್ಲ. ಒತ್ತಿದ ಮೇಲೆ ಅಳತೆ ತಪ್ಪಿದೆ ಎನಿಸಿದರೆ ಅದನ್ನೇ ಎಳೆಯದೆ ಕಂಟ್ರೋಲ್ ಝಡ್ ಒತ್ತಿ ಹಿಂದಕ್ಕೆ ಹೋಗಿ ಮತ್ತೆ ಇಳಿಸಿ. ಅದಕ್ಕಿಂತ ಒಳ್ಳೆಯ ರೂಢಿ ಇನ್ನೊಂದಿದೆ: ತಂದ ಲೇಯರನ್ನು ನಕಲು ಮಾಡಿ, ಮೂಲದ ಲೇಯರಿನ ಕಣ್ಣಿನ ಚಿಹ್ನೆಯನ್ನು ಮುಚ್ಚಿಟ್ಟು, ನಕಲಿನ ಮೇಲೆ ಕೆಲಸ ಮಾಡುವುದು.

ಫೋಟೋಶಾಪ್‌ನಲ್ಲಿ ಈ ತೊಂದರೆಗೆ 2005ರಿಂದ ‘ಸ್ಮಾರ್ಟ್ ಆಬ್ಜೆಕ್ಟ್’ ಎಂಬ ಉಪಾಯವಿದೆ. ಪ್ಲೇಸ್ ಮಾಡಿದ ಚಿತ್ರದ ಮೂಲ ಪಿಕ್ಸೆಲ್‌ಗಳೆಲ್ಲ ಒಳಗೆ ಭದ್ರವಾಗಿರುತ್ತವೆ, ಎಷ್ಟು ಇಳಿಸಿ ಏರಿಸಿದರೂ ಪ್ರತಿಸಲ ಮೂಲದಿಂದಲೇ ಲೆಕ್ಕ ಹಾಕುತ್ತದೆ. ಬ್ರೌಸರ್‌ನಲ್ಲಿ ಉಚಿತವಾಗಿ ನಡೆಯುವ ಫೋಟೋಪೀ ತಂತ್ರಾಂಶದಲ್ಲಿಯೂ ಈ ಸೌಲಭ್ಯವಿದೆ. ಗಿಂಪ್ 3.0ರಲ್ಲಿ ಆ ಶಿಸ್ತನ್ನು ನಾವೇ ಇಟ್ಟುಕೊಳ್ಳಬೇಕು.

ಶಿಸ್ತು ಎಂದೆ. ಇಷ್ಟು ಒತ್ತಿ ಹೇಳಲು ಒಂದು ಕಾರಣವಿದೆ. ಹಿಂದೊಮ್ಮೆ ಒಂದು ಸ್ಮರಣ ಸಂಚಿಕೆಗೆಂದು ಯಾದಗಿರಿ ಕಡೆಯ ಹಳ್ಳಿಯ ಕುಟುಂಬವೊಂದು ತಮ್ಮ ಅಜ್ಜನ ಒಂದೇ ಒಂದು ಫೋಟೋ ತಂದುಕೊಟ್ಟಿತ್ತು. ಸ್ಕ್ಯಾನ್ ಮಾಡಿದೆ. ಸಂಚಿಕೆಯಲ್ಲಿ ಅದಕ್ಕಿದ್ದದ್ದು ಅಂಚೆಚೀಟಿಯಷ್ಟು ಜಾಗ. ಆ ಅಳತೆಗೆ ಇಳಿಸಿ, ಅದೇ ಹೆಸರಿನಲ್ಲಿ ಉಳಿಸಿಬಿಟ್ಟೆ. ಎರಡು ವರ್ಷಗಳ ನಂತರ ಅವರು ಬಂದು, ಮಳೆಗಾಲದಲ್ಲಿ ಮನೆ ಸೋರಿ ಫೋಟೋ ಹಾಳಾಯಿತು, ನಿಮ್ಮಲ್ಲಿರುವುದನ್ನು ದೊಡ್ಡದು ಮಾಡಿ ಕಟ್ಟು ಹಾಕಿಸಿಕೊಡಿ ಎಂದರು. ನನ್ನ ಬಳಿ ಇದ್ದದ್ದು 200 ಪಿಕ್ಸೆಲ್ ಅಗಲದ ಒಂದು ಮುಖ. ಗೋಡೆಯ ಅಳತೆಗೆ ಹಿಗ್ಗಿಸಿದಾಗ ಕಣ್ಣುಗಳಿದ್ದ ಜಾಗದಲ್ಲಿ ಎರಡು ಕಪ್ಪು ಚೌಕಗಳು ಉಳಿದವು. ಆ ಮನೆಯ ಹಿರಿಯ ಹೆಣ್ಣುಮಗಳು ಏನೂ ಅನ್ನದೆ ಪರದೆಯನ್ನು ಬಹಳ ಹೊತ್ತು ನೋಡಿದರು. ಅಂದಿನಿಂದ ನನ್ನ ಕಂಪ್ಯೂಟರಿನಲ್ಲಿ ಪ್ರತಿಯೊಂದು ಕೆಲಸಕ್ಕೂ ‘ಮೂಲ’ ಎಂಬ ಫೋಲ್ಡರ್ ಇರುತ್ತದೆ. ಅದರಿಂದ ನಕಲು ತೆಗೆದುಕೊಳ್ಳುತ್ತೇವೆ, ಅದರೊಳಗೆ ಯಾರೂ ಏನನ್ನೂ ಉಳಿಸುವುದಿಲ್ಲ. ನೀವೂ ಹಾಗೆಯೇ ಮಾಡಿ. ಗಿಂಪ್‌ನಲ್ಲಿ ಜೆಪೆಗ್ ಫೋಟೋವನ್ನು ‘ಓಪನ್’ ಮೂಲಕ ತೆರೆದಾಗ ಫೈಲ್ ಮೆನುವಿನಲ್ಲಿ ‘ಓವರ್‌ರೈಟ್’ ಎಂಬ ಸಾಲು ಕಾಣಿಸಿಕೊಳ್ಳುತ್ತದೆ. ಅದರ ತಂಟೆಗೆ ಹೋಗಬೇಡಿ.

ಈಗ ಬಿಳಿ ಚೌಕ. ರಬ್ಬರಿನಿಂದ ಅಳಿಸಿದರೂ ಬಿಳಿಯೇ ಬರುವುದಕ್ಕೆ ಕಾರಣ ಸರಳ. ಜೆಪೆಗ್ ಚಿತ್ರಕ್ಕೆ ಪಾರದರ್ಶಕತೆ ಎಂಬುದೇ ಗೊತ್ತಿಲ್ಲ. ಅಂಥ ಲೇಯರಿನ ಮೇಲೆ ರಬ್ಬರ್ ಆಡಿಸಿದರೆ ಗಿಂಪ್ ಅಲ್ಲಿ ಹಿನ್ನೆಲೆ ಬಣ್ಣವನ್ನು ತುಂಬುತ್ತದೆ, ಆ ಬಣ್ಣ ಸಾಮಾನ್ಯವಾಗಿ ಬಿಳಿ. ಲೇಯರಿನ ಮೇಲೆ ಬಲಗುಂಡಿ ಒತ್ತಿ ‘ಆ್ಯಡ್ ಆಲ್ಫಾ ಚಾನೆಲ್’ ಎಂದರೆ ಅಳಿಸಿದ ಜಾಗ ಪಾರದರ್ಶಕವಾಗುತ್ತದೆ. ಆದರೆ ರಬ್ಬರ್ ಹಿಡಿಯಬೇಡಿ ಎಂಬುದೇ ನನ್ನ ಸಲಹೆ. ಅಳಿಸಿದ್ದು ಹೋಯಿತು, ನಾಳೆ ಸುರಾಹಿಯ ಕೊರಳು ಒಂದು ಕಡೆ ತಿಂದುಹೋಗಿದೆ ಎಂದು ಗೊತ್ತಾದರೆ ಮರಳಿ ತರುವಂತಿಲ್ಲ. ಲೇಯರ್ ಮಾಸ್ಕ್ ಬಳಸಿ. ಚಿತ್ರದ ಮೇಲೆ ಒಂದು ಮುಸುಕು ಹೊದೆಸಿದಂತೆ ಅದು: ಮಾಸ್ಕಿನ ಮೇಲೆ ಕಪ್ಪು ಬಳಿದ ಕಡೆ ಚಿತ್ರ ಮರೆಯಾಗುತ್ತದೆ, ಬಿಳಿ ಬಳಿದ ಕಡೆ ಮತ್ತೆ ಕಾಣುತ್ತದೆ. ಚಿತ್ರದ ಒಂದು ಪಿಕ್ಸೆಲ್ ಕೂಡ ನಾಶವಾಗುವುದಿಲ್ಲ.

ಮಾಸ್ಕಿಗೆ ಬೇಕಾದ ಆಕಾರವನ್ನು ಎತ್ತುವುದರಲ್ಲಿ ಬಿದ್ರಿ ಒಂದು ವಿಶೇಷ ತೊಡಕು ಒಡ್ಡುತ್ತದೆ. ಎಲ್ಲರೂ ಮೊದಲು ಹೇಳಿಕೊಡುವುದು ಬಿಳಿ ಹಿನ್ನೆಲೆಯ ಮೇಲೆ ಒಂದು ಸಲ ಒತ್ತಿದರೆ ಅಕ್ಕಪಕ್ಕದ ಬಿಳಿಯನ್ನೆಲ್ಲ ಹಿಡಿಯುವ ‘ಫಝಿ ಸೆಲೆಕ್ಟ್’ ಸಲಕರಣೆಯನ್ನು. ಮಾವಿನಹಣ್ಣಿಗೋ ಪುಸ್ತಕಕ್ಕೋ ಅದು ಚೆನ್ನಾಗಿ ಒದಗುತ್ತದೆ. ಸುರಾಹಿಯಲ್ಲಿ ಬೆಳ್ಳಿಯ ಬಳ್ಳಿ ಅಂಚಿನವರೆಗೂ ಹರಿದಿರುತ್ತದೆ. ಬೆಳಕು ಬಿದ್ದ ಬೆಳ್ಳಿ ಕ್ಯಾಮೆರಾಕ್ಕೆ ಬಿಳಿಯೇ. ಅಂಚಿನಲ್ಲಿ ಬೆಳ್ಳಿಯ ಒಂದು ಎಸಳು ಹಿನ್ನೆಲೆಯನ್ನು ಮುಟ್ಟಿದರೆ ಸಾಕು, ಆಯ್ಕೆ ಅಲ್ಲಿಂದ ಒಳಗೆ ನುಗ್ಗಿ, ಬಳ್ಳಿಯ ಗುಂಟ ಹರಿದು, ನೀರು ಕಾಲುವೆ ಹಿಡಿದಂತೆ ಇಡೀ ಕುಸುರಿಯನ್ನು ಸೇರಿಸಿಕೊಂಡುಬಿಡುತ್ತದೆ. ಮುಸುಕು ಹಾಕಿದರೆ ಬೆಳ್ಳಿಯೆಲ್ಲ ಮಾಯ, ತೂತು ಬಿದ್ದ ಕಪ್ಪು ಪಾತ್ರೆ ಮಾತ್ರ ಉಳಿಯುತ್ತದೆ. ಬಿಳಿಯನ್ನು ಕರಗಿಸುವ ‘ಮಲ್ಟಿಪ್ಲೈ’ ಎಂಬ ಲೇಯರ್ ವಿಧಾನದ ಕಥೆಯೂ ಅಷ್ಟೇ. ಬಿಳಿ ಕಾಗದದ ಮೇಲಿನ ಸಹಿಯನ್ನೋ ಮೊಹರನ್ನೋ ಪುಟದ ಮೇಲೆ ತರಲು ನಾನು ದಿನವೂ ಬಳಸುವುದು ಅದನ್ನೇ. ಬಿದ್ರಿಗೆ ಅದು ಒಗ್ಗದು, ಏಕೆಂದರೆ ಬೆಳ್ಳಿ ಪುಟದ ಬಣ್ಣವನ್ನೇ ಕುಡಿದುಬಿಡುತ್ತದೆ. ಕೆಂಪು ಪುಟದ ಮೇಲೆ ನಿಮ್ಮ ಬೆಳ್ಳಿ ಕೆಂಪಾಗುತ್ತದೆ.

ನಿಮಗೆ ಸರಿಯಾದದ್ದು ‘ಪಾತ್ಸ್’ ಸಲಕರಣೆ. ಬಿ ಕೀಲಿ ಒತ್ತಿದರೆ ಬರುತ್ತದೆ. ಚಿತ್ರವನ್ನು ದೊಡ್ಡದಾಗಿ ಹತ್ತಿರಕ್ಕೆ ತಂದುಕೊಂಡು, ಸುರಾಹಿಯ ಬಾಯಿಯಿಂದ ಶುರುಮಾಡಿ ಅಂಚು ತಿರುಗುವ ಜಾಗಗಳಲ್ಲಿ ಮಾತ್ರ ಚುಕ್ಕಿ ಇಡುತ್ತ ಹೋಗಿ: ಕೊರಳು ಹೊಟ್ಟೆಯಾಗಿ ಅರಳುವಲ್ಲಿ, ಹೊಟ್ಟೆಯ ಅತಿ ಅಗಲದ ಜಾಗದಲ್ಲಿ, ಪಾದ ಸೇರುವಲ್ಲಿ. ಚುಕ್ಕಿ ಇಡುವಾಗ ಗುಂಡಿ ಬಿಡದೆ ಎಳೆದರೆ ಗೆರೆ ಬಾಗುತ್ತದೆ, ಬಾಗನ್ನು ಅಂಚಿಗೆ ಹೊಂದಿಸಿ. ಹತ್ತು ಹದಿನಾಲ್ಕು ಚುಕ್ಕಿ ಸಾಕು. ಹೊಸಬರು ನಲವತ್ತು ಚುಕ್ಕಿ ಇಟ್ಟು ಸುರಾಹಿಯನ್ನು ಗುದ್ದು ತಿಂದ ತಪ್ಪಲೆಯಂತೆ ಮಾಡುತ್ತಾರೆ. ಮೊದಲ ಚುಕ್ಕಿಗೆ ಮರಳಿ, ಕಂಟ್ರೋಲ್ ಹಿಡಿದು ಒತ್ತಿ ಗೆರೆಯನ್ನು ಮುಚ್ಚಿ, ಎಂಟರ್ ಒತ್ತಿದರೆ ಆಯ್ಕೆಯಾಗುತ್ತದೆ. ಸೆಲೆಕ್ಟ್ ಮೆನುವಿನಲ್ಲಿ ‘ಶ್ರಿಂಕ್’ ಒಂದು ಪಿಕ್ಸೆಲ್, ‘ಫೆದರ್’ ಒಂದೆರಡು ಪಿಕ್ಸೆಲ್ ಕೊಡಿ. ಆಮೇಲೆ ಲೇಯರಿಗೆ ಮಾಸ್ಕ್ ಸೇರಿಸಿ, ಬರುವ ಪೆಟ್ಟಿಗೆಯಲ್ಲಿ ‘ಸೆಲೆಕ್ಷನ್’ ಆರಿಸಿ. ಮೊದಲ ಪಾತ್ರೆಗೆ ಅರ್ಧ ಗಂಟೆ ಹಿಡಿಯಬಹುದು, ಹತ್ತನೆಯದಕ್ಕೆ ಐದು ನಿಮಿಷ ಸಾಕಾಗುತ್ತದೆ.

ಆ ಒಂದು ಪಿಕ್ಸೆಲ್ ಕುಗ್ಗಿಸುವುದನ್ನು ಮರೆಯಬೇಡಿ. ಕಪ್ಪು ಪಾತ್ರೆಯನ್ನು ಬಿಳಿ ಬಟ್ಟೆಯ ಮೇಲಿಟ್ಟು ತೆಗೆದಾಗ ಅಂಚಿನ ಪಿಕ್ಸೆಲ್‌ಗಳು ಪೂರ್ತಿ ಕಪ್ಪೂ ಅಲ್ಲ, ಪೂರ್ತಿ ಬಿಳಿಯೂ ಅಲ್ಲ, ಬೂದು ಬಣ್ಣದವಾಗಿರುತ್ತವೆ. ತಿಳಿಬಣ್ಣದ ಪುಟದ ಮೇಲೆ ಅವು ಗೊತ್ತಾಗುವುದಿಲ್ಲ. ಗಾಢ ಬಣ್ಣದ ಪುಟದ ಮೇಲೆ ಇಟ್ಟೊಡನೆ ಪಾತ್ರೆಯ ಸುತ್ತ ಬಿಳಿ ದಾರ ಸುತ್ತಿದಂತೆ ಎದ್ದು ಕಾಣುತ್ತವೆ. ಗಾಢ ಪುಟವೇ ಬೇಕೆಂದಿದ್ದರೆ ಫೋಟೋವನ್ನು ಬೂದು ಬಟ್ಟೆಯ ಮೇಲಿಟ್ಟು ತೆಗೆಯಿರಿ.

ಫೋಟೋ ತೆಗೆಯುವ ಮಾತು ಬಂದದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ಕೋಟೆಯ ಮಣ್ಣು, ನವಸಾಗರದ ನೀರಿನಲ್ಲಿ ಅದ್ದಿ ಬರುವ ಬಿದ್ರಿಯ ಕಪ್ಪು ಮೊಬೈಲಿಗೆ ಅರ್ಥವಾಗುವುದಿಲ್ಲ. ಚೌಕಟ್ಟಿನ ತುಂಬ ಕಪ್ಪು ಕಂಡರೆ ಬೆಳಕು ಸಾಲದೆಂದುಕೊಂಡು ತಾನೇ ಹೆಚ್ಚಿಸುತ್ತದೆ. ಕಪ್ಪು ಬೂದು ಬಣ್ಣವಾಗುತ್ತದೆ, ಬೆಳ್ಳಿ ಉರಿದು ಬಿಳಿ ಕಲೆಯಾಗುತ್ತದೆ. ಉರಿದ ಬೆಳ್ಳಿಯಲ್ಲಿ ಉಳಿಯ ಗುರುತು ಹುಡುಕಿದರೂ ಸಿಗದು, ಗಿಂಪ್‌ನಲ್ಲಿ ಮರಳಿ ತರಲೂ ಬಾರದು. ಪರದೆಯ ಮೇಲೆ ಬೆರಳಿಟ್ಟರೆ ಬರುವ ಸೂರ್ಯನ ಚಿಹ್ನೆಯನ್ನು ಕೆಳಗೆಳೆದು ಬೆಳಕು ತಗ್ಗಿಸಿ, ಬೆಳ್ಳಿಯ ಗೆರೆ ಬಿಡಿಬಿಡಿಯಾಗಿ ಕಂಡ ಮೇಲೆ ಒತ್ತಿ. ಫ್ಲಾಶ್ ಬೇಡ. ಕಿಟಕಿಯ ಪಕ್ಕದಲ್ಲಿ, ಬಿಳಿ ಧೋತರವನ್ನು ಪರದೆಯಂತೆ ಕಟ್ಟಿ, ಅದರ ಮೂಲಕ ಸೋಸಿ ಬಂದ ಬೆಳಕಿನಲ್ಲಿ ಇಡಿ.

ಎಲ್ಲ ಪಾತ್ರೆಗಳನ್ನೂ ಒಂದೇ ಕಿಟಕಿಯ ಒಂದೇ ಬದಿಯಲ್ಲಿಟ್ಟು ತೆಗೆಯಿರಿ. ಒಂದು ಪುಟದಲ್ಲಿ ಮೂರು ಸಾಮಾನು ಸೇರಿಸಿದಾಗ ಸುರಾಹಿಗೆ ಎಡದಿಂದ, ಪಾನದಾನಕ್ಕೆ ಬಲದಿಂದ ಬೆಳಕು ಬಿದ್ದಿದ್ದರೆ ಎಷ್ಟು ನಾಜೂಕಾಗಿ ಕತ್ತರಿಸಿದ್ದರೂ ಅಂಟಿಸಿದ್ದೆಂದು ಕಣ್ಣಿಗೆ ಗೊತ್ತಾಗುತ್ತದೆ. ಕಲಬುರಗಿಯಲ್ಲಿ ಹುಟ್ಟಿದ ಕಲಾವಿದ ಎಸ್.ಎಂ. ಪಂಡಿತರ ಪೌರಾಣಿಕ ಚಿತ್ರಗಳನ್ನು ನನ್ನ ಹುಡುಗರಿಗೆ ತೋರಿಸಿ, ಬೆಳಕು ಎಲ್ಲಿಂದ ಬಂದಿದೆ ಹೇಳಿ ಎಂದು ಕೇಳುತ್ತೇನೆ. ಬೆಳಕು ಹೊಂದಿಸಲೆಂದು ಚಿತ್ರವನ್ನು ಎಡಬಲ ತಿರುಗಿಸುವ ಉಪಾಯ ಕೆಲವರು ಹೇಳುತ್ತಾರೆ. ಪಾತ್ರೆಯ ಮೇಲೆ ಅಕ್ಷರವಿದ್ದರೆ ಅದು ಕನ್ನಡಿಯಲ್ಲಿ ಕಂಡಂತೆ ಎಡಬಲ ತಿರುಗಿಬಿಡುತ್ತದೆ, ಎಚ್ಚರ.

ಕತ್ತರಿಸಿ ತಂದ ಪಾತ್ರೆ ಗಾಳಿಯಲ್ಲಿ ತೇಲುವಂತೆ ಕಂಡರೆ ಅದಕ್ಕೆ ಕೊರತೆಯಿರುವುದು ನೆರಳು. ಗಿಂಪ್‌ನ ‘ಡ್ರಾಪ್ ಶ್ಯಾಡೋ’ ಒತ್ತಬೇಡಿ. ಅದು ಪಾತ್ರೆಯ ಆಕಾರದ್ದೇ ನೆರಳನ್ನು ಹಿಂದಕ್ಕೆ ಸರಿಸಿ ಇಡುತ್ತದೆ, ಗೋಡೆಗೆ ಅಂಟಿಸಿದ ಚೀಟಿಗೆ ಅದು ಸರಿ. ನೆಲದ ಮೇಲೆ ನಿಂತ ವಸ್ತುವಿನ ನೆರಳು ಪಾದದ ಬುಡದಲ್ಲಿ ಇರುತ್ತದೆ. ಸುರಾಹಿಯ ಲೇಯರಿನ ಕೆಳಗೆ ಹೊಸ ಲೇಯರ್ ತೆಗೆದುಕೊಂಡು, ಪಾದಕ್ಕಿಂತ ತುಸು ಅಗಲವಾದ ಚಪ್ಪಟೆ ಮೊಟ್ಟೆಯಾಕಾರವನ್ನು ಆರಿಸಿ, ಕಪ್ಪು ತುಂಬಿ, ಆಯ್ಕೆ ತೆಗೆದು, ಅಂಚನ್ನು ಮಸುಕು ಮಾಡುವ ‘ಗಾಸಿಯನ್ ಬ್ಲರ್’ ಕೊಟ್ಟು, ಅಪಾರದರ್ಶಕತೆಯನ್ನು 35ರ ಸುತ್ತ ಇಡಿ. ಬೆಳಕಿನ ವಿರುದ್ಧ ದಿಕ್ಕಿಗೆ ಸ್ವಲ್ಪ ಸರಿಸಿ. ಪಾತ್ರೆ ಪುಟದ ಮೇಲೆ ಭಾರವಾಗಿ ಕೂರುವುದನ್ನು ನೀವೇ ನೋಡುತ್ತೀರಿ.

ರಂಗೀನ್ ಮಹಲಿನ ಆಸೆ ನನಗೂ ಹಿಡಿಸಿತು. ಅಲಿ ಬರೀದ್ ಷಾನ ಕಾಲದ ಆ ಕೋಣೆಗಳಲ್ಲಿ ಕಪ್ಪು ಕಲ್ಲಿನೊಳಗೆ ಮುತ್ತಿನ ಚಿಪ್ಪನ್ನು ಕೂರಿಸಿದ ಕೆಲಸಕ್ಕೂ ಕಪ್ಪು ಲೋಹದೊಳಗೆ ಬೆಳ್ಳಿ ಕೂರಿಸುವ ನಿಮ್ಮ ಕಸುಬಿಗೂ ಇರುವ ಹೋಲಿಕೆಯನ್ನು ನೋಡಿದವರಿಗೆ ಬಿಡಿಸಿ ಹೇಳಬೇಕಿಲ್ಲ. ಆದರೆ ಅದನ್ನು ಪ್ರತಿ ಪುಟದ ಹಿನ್ನೆಲೆಗೆ ಹಾಕಬೇಡಿ. ಚಿಪ್ಪಿನ ಬಳ್ಳಿಯ ಮೇಲೆ ಬೆಳ್ಳಿಯ ಬಳ್ಳಿ ಬಂದರೆ ಎರಡೂ ಒಂದನ್ನೊಂದು ತಿನ್ನುತ್ತವೆ, ಕೊಳ್ಳುವವನಿಗೆ ಸುರಾಹಿಯ ಅಂಚೇ ಸಿಗುವುದಿಲ್ಲ. ಮುಖಪುಟಕ್ಕೆ ಮಾತ್ರ ಇರಲಿ. ಅದನ್ನೂ ‘ಓಪನ್ ಆ್ಯಸ್ ಲೇಯರ್ಸ್’ ಮೂಲಕವೇ ತಂದು, ಪಟ್ಟಿಯಲ್ಲಿ ಎಲ್ಲಕ್ಕಿಂತ ಕೆಳಗೆ, ಪುಟದ ಬಣ್ಣದ ಮೇಲೆ ಇಟ್ಟು, ಅಪಾರದರ್ಶಕತೆಯನ್ನು 15ರಿಂದ 20ಕ್ಕೆ ಇಳಿಸಿ, ಕೈ ತಾಗಿ ಸರಿಯದಂತೆ ಬೀಗ ಹಾಕಿ. ಚಿತ್ರವನ್ನು ಅಂತರ್ಜಾಲದಿಂದ ಎತ್ತಿಕೊಳ್ಳಬೇಡಿ, ನೀವು ಇರುವುದೇ ಬೀದರ್‌ನಲ್ಲಿ. ಒಂದು ಬೆಳಗ್ಗೆ ಹೋಗಿ ನೇರ ಎದುರು ನಿಂತು ತೆಗೆದುಕೊಂಡು ಬನ್ನಿ. ವಿಕಿಮೀಡಿಯ ಕಾಮನ್ಸ್‌ನಲ್ಲಿರುವ ಚಿತ್ರಗಳಲ್ಲಿಯೂ ಬಹಳಷ್ಟಕ್ಕೆ ತೆಗೆದವರ ಹೆಸರನ್ನು ಅಚ್ಚು ಹಾಕಲೇಬೇಕೆಂಬ ಷರತ್ತು ಇರುತ್ತದೆ.

ಬಿದ್ರಿಗೆ 2006ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿದೆ. ನಿಮ್ಮ ಮನೆಯವರು ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಂಡಿದ್ದರೆ ಆ ಚಿಹ್ನೆಯನ್ನೂ ಹಾಕಿ. ಇಂಥ ಚಿಹ್ನೆಗಳನ್ನು ಪರದೆಯ ಚಿತ್ರ ತೆಗೆದು ಅಂಟಿಸಬಾರದು. ಎಸ್‌ವಿಜಿ ಕಡತ ಸಿಕ್ಕರೆ ಉತ್ತಮ: ಗಿಂಪ್ ಅದನ್ನು ತರುವಾಗಲೇ ಎಷ್ಟು ಅಗಲ ಬೇಕೆಂದು ಕೇಳುತ್ತದೆ, ಕೇಳಿದಷ್ಟು ಅಗಲಕ್ಕೂ ಚೂಪಾಗಿ ಬರುತ್ತದೆ. ಸಿಗದಿದ್ದರೆ ಹಿನ್ನೆಲೆ ಪಾರದರ್ಶಕವಾಗಿರುವ ಪಿಎನ್‌ಜಿ.

ಉಳಿಸುವಾಗ ‘ಸೇವ್’ ಒತ್ತಿದರೆ ಎಕ್ಸ್‌ಸಿಎಫ್ ಕಡತವಾಗುತ್ತದೆ, ಲೇಯರ್ ಮತ್ತು ಮಾಸ್ಕ್‌ಗಳೆಲ್ಲ ಅದರೊಳಗೆ ಜೀವಂತವಾಗಿರುತ್ತವೆ. ಹೊರಗೆ ಕೊಡಲು ‘ಎಕ್ಸ್‌ಪೋರ್ಟ್’ ಮಾಡಿ. ಜೆಪೆಗ್ ಮಾತ್ರ ಇಟ್ಟುಕೊಂಡು ಎಕ್ಸ್‌ಸಿಎಫ್ ಅಳಿಸಿದರೆ ನಾಳೆ ಒಂದು ಬೆಲೆ ತಿದ್ದಲು ಇಡೀ ಪುಟವನ್ನು ಮತ್ತೆ ಮಾಡಬೇಕಾಗುತ್ತದೆ.

ಕೊನೆಗೆ ನೀವು ಕೇಳದಿದ್ದ ಒಂದು ಮಾತು. ಹದಿನಾರು ಪುಟಗಳನ್ನು ಗಿಂಪ್‌ನಲ್ಲಿಯೇ ಕಟ್ಟಬೇಡಿ. ಫೋಟೋ ತಿದ್ದುವ ತಂತ್ರಾಂಶ ಒಂದೊಂದು ಚಿತ್ರಕ್ಕೆ, ಪುಟ ಕಟ್ಟುವುದಕ್ಕೆ ಬೇರೆಯದೇ ತಂತ್ರಾಂಶಗಳಿವೆ. ಗಿಂಪ್‌ನಲ್ಲಿ ಪ್ರತಿ ಪಾತ್ರೆಯನ್ನು ಕತ್ತರಿಸಿ, ನೆರಳು ಕೊಟ್ಟು, ಪಾರದರ್ಶಕ ಪಿಎನ್‌ಜಿ ಆಗಿ ಹೊರತೆಗೆದು, ಉಚಿತವಾಗಿ ಸಿಗುವ ಸ್ಕ್ರೈಬಸ್ 1.6ರಲ್ಲಿ ಪುಟಗಳನ್ನು ಜೋಡಿಸಿ. ಅಲ್ಲಿ ಚಿತ್ರ ಕಡತದೊಳಗೆ ಸೇರುವುದಿಲ್ಲ, ಅದು ಇರುವ ಜಾಗದ ವಿಳಾಸ ಮಾತ್ರ ದಾಖಲಾಗುತ್ತದೆ. ಆದ್ದರಿಂದ ಚಿತ್ರಗಳ ಫೋಲ್ಡರನ್ನು ಆಮೇಲೆ ಸರಿಸಬೇಡಿ. ಪೆನ್‌ಡ್ರೈವ್‌ನಲ್ಲಿ ಒಯ್ಯುವಾಗ ಪುಟದ ಕಡತ, ಚಿತ್ರಗಳು ಎರಡನ್ನೂ ಒಟ್ಟಿಗೆ ಒಯ್ಯಿರಿ. ಕನ್ನಡ ಅಕ್ಷರಗಳನ್ನೂ ಚಿತ್ರದ ಮೇಲೆ ಬರೆಯದೆ ಅಲ್ಲಿಯೇ, ಯೂನಿಕೋಡ್ ಫಾಂಟ್‌ನಲ್ಲಿ ಬರೆಯಿರಿ. ಒತ್ತಕ್ಷರ ಸರಿಯಾಗಿ ಕೂರುತ್ತದೆ, ಮುದ್ರಣದಲ್ಲಿ ಅಂಚು ಚೂಪಾಗಿ ಬರುತ್ತದೆ. ಹೈದರಾಬಾದಿನ ಗಿರಾಕಿಗೆಂದು ಅದೇ ಪುಟವನ್ನು ಇಂಗ್ಲಿಷ್‌ಗೋ ಉರ್ದುವಿಗೋ ಬದಲಿಸುವಾಗ ಚಿತ್ರವನ್ನು ಮುಟ್ಟಬೇಕಾಗಿಯೂ ಇಲ್ಲ.

ಬಣ್ಣದ ಬಗ್ಗೆ ಸ್ವಲ್ಪವೇ. ಪರದೆ ತಾನೇ ಬೆಳಗುವ ವಸ್ತು, ಕಾಗದ ಬೆಳಗುವುದಿಲ್ಲ. ಪರದೆಯಲ್ಲಿ ಕಂಡದ್ದಕ್ಕಿಂತ ಅಚ್ಚು ಒಂದು ಕೈ ಕಪ್ಪಾಗಿಯೇ ಬರುತ್ತದೆ. ಎಲ್ಲ ಪ್ರತಿಗಳನ್ನು ಮುದ್ರಿಸಲು ಹೇಳುವ ಮುನ್ನ ಅದೇ ಮುದ್ರಣಾಲಯದಲ್ಲಿ, ಅದೇ ಕಾಗದದ ಮೇಲೆ ಒಂದೇ ಒಂದು ಪುಟದ ಪ್ರೂಫ್ ತೆಗೆಸಿ. ಹೋಗುವಾಗ ಸುರಾಹಿಯನ್ನು ಬಟ್ಟೆಯಲ್ಲಿ ಸುತ್ತಿ ಜೊತೆಗೆ ಒಯ್ಯಿರಿ. ಮುದ್ರಣಾಲಯದ ಟ್ಯೂಬ್‌ಲೈಟ್ ಕೆಳಗೆ ನೋಡಬೇಡಿ. ಪ್ರೂಫ್ ಮತ್ತು ಸುರಾಹಿ ಎರಡನ್ನೂ ಬಾಗಿಲ ಹೊರಗೆ ಹಗಲ ಬೆಳಕಿನಲ್ಲಿ ಪಕ್ಕಪಕ್ಕ ಹಿಡಿದು, ಕೊರಳಿನ ಕೆಳಗಿನ ಅತಿ ಸಣ್ಣ ಎಲೆಯನ್ನು ಮೊದಲು ಪಾತ್ರೆಯ ಮೇಲೆ, ಆಮೇಲೆ ಕಾಗದದ ಮೇಲೆ ಹುಡುಕಿ. ಕಾಗದದ ಮೇಲೂ ಅದರ ನರಗಳು ಎಣಿಸುವಂತೆ ಕಂಡರೆ ಉಳಿದ ಪುಟಗಳಿಗೆ ಒಪ್ಪಿಗೆ ಕೊಡಿ.